ದಿಂಬಿನ ಪಕ್ಕದ ಫೋನು

ಪುಟ್ಟಿ,

"ಹತ್ತು ನಿಮಿಷ ಅಂತ ರೀಲ್ಸ್ ತೆಗೀತೀನಿ ಅತ್ತೆ, ನೋಡಿದರೆ ರಾತ್ರಿ ಎರಡು ಗಂಟೆ. ಬೆಳಗಿನ ಕ್ಲಾಸು ತಪ್ಪುತ್ತೆ. ನನಗೆ ಮನಸ್ಸು ಗಟ್ಟಿ ಇಲ್ಲ" ಎಂದೆಯಲ್ಲ, ಆ ಕೊನೆಯ ಮಾತನ್ನು ಮೊದಲು ಬಿಡು. ಪುಸ್ತಕದಲ್ಲಿ ಅಧ್ಯಾಯ ಮುಗಿಯುತ್ತದೆ, ಸಿನಿಮಾದಲ್ಲಿ ಇಂಟರ್ವಲ್ ಬರುತ್ತದೆ. ಫೋನಿನಲ್ಲಿ 'ಸಾಕು' ಅನ್ನಿಸುವ ಜಾಗವನ್ನೇ ತೆಗೆದುಹಾಕಿದ್ದಾರೆ. ಬೆರಳಾಡಿಸಿದಷ್ಟೂ ಮುಗಿಯದ ಪುಟವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಅವರೇ ಮುಂದೆ ಅದಕ್ಕಾಗಿ ಮರುಗಿದರು.

ಇದು ನಮ್ಮಲ್ಲಿ ಮಾತ್ರ ಇರುವ ತೊಂದರೆಯಲ್ಲ. ಹದಿನಾರು ತುಂಬದವರು ನಡುರಾತ್ರಿಯಿಂದ ಬೆಳಗಿನ ಆರರವರೆಗೆ ಆನ್‌ಲೈನ್ ಆಟ ಆಡಕೂಡದೆಂದು ದಕ್ಷಿಣ ಕೊರಿಯಾ 2011ರಲ್ಲಿ ಕಾನೂನು ತಂದಿತು. ಅದು ಕಂಪ್ಯೂಟರಿನ ಆಟಕ್ಕೆ ಮಾತ್ರ ಇತ್ತು; ಆಟವೋ ಮೊಬೈಲಿಗೆ ಬಂದುಬಿಟ್ಟಿತ್ತು. ಹತ್ತು ವರ್ಷ ಕಳೆದ ಮೇಲೆ ಕಾನೂನನ್ನೇ ಕೈಬಿಟ್ಟರು. ಚೀನಾದಲ್ಲಿ ಇಂಟರ್ನೆಟ್ ಗೀಳು ಬಿಡಿಸಲೆಂದು ಹೆತ್ತವರು ಮಕ್ಕಳನ್ನು ಸೈನಿಕ ಶಿಸ್ತಿನ ಶಿಬಿರಗಳಿಗೆ ಸೇರಿಸಿದರು. 2009ರಲ್ಲಿ ಅಂಥದ್ದೊಂದು ಶಿಬಿರದಲ್ಲಿ ಹೊಡೆತ ತಿಂದು ಹುಡುಗನೊಬ್ಬ ಸತ್ತೇಹೋದ. ಗದರಿಕೆ, ಬೀಗ, ಶಿಕ್ಷೆ ಇವುಗಳಿಂದ ಈ ಗೀಳು ಬಿಡುವುದಿಲ್ಲ ಎನ್ನಲು ನನಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ.

ಹಾಗಾಗಿ ನಿನ್ನನ್ನು ನೀನೇ ಬೈದುಕೊಳ್ಳುವುದೂ ಬೇಡ. ಫೋನಿಗೆ ಕೈ ಹೋಗುವ ಮುಂಚಿನ ಗಳಿಗೆಯನ್ನು ಗಮನಿಸು. ಮನೆ ನೆನಪಾಗಿತ್ತೇ? ಇಂಟರ್ನಲ್ಸ್ ಪರೀಕ್ಷೆಯ ಭಯವೇ? ಹಾಸ್ಟೆಲ್ ರೂಮಿನಲ್ಲಿ ಮಾತಿಗೆ ಯಾರೂ ಇರಲಿಲ್ಲವೇ? ಕೊರತೆ ಅಲ್ಲಿದೆ; ಅದನ್ನು ತುಂಬದೆ ಆ್ಯಪ್ ಅಳಿಸಿದರೆ ನಾಳೆ ಮತ್ತೆ ಹಾಕಿಕೊಳ್ಳುತ್ತೀಯ.

ಎರಡು ಕೆಲಸ ಮಾಡು. ಚಾರ್ಜರನ್ನು ದಿಂಬಿನ ಪಕ್ಕದಿಂದ ಕಿತ್ತು ಬಾಗಿಲ ಬಳಿಯ ಪ್ಲಗ್ಗಿಗೆ ಹಾಕು, ಅಲಾರಾಂಗೆ ಒಂದು ಗಡಿಯಾರ ಕೊಂಡುಕೋ. ಮೆಸ್ಸಿನಲ್ಲಿ ನಾಲ್ವರು ಕೂತು, ನಾಲ್ವರೂ ಫೋನನ್ನು ನೀರಿನ ಲೋಟಕ್ಕೆ ಒರಗಿಸಿಕೊಂಡು ಉಣ್ಣುತ್ತೀರಂತೆ. ರಾತ್ರಿಯೂಟಕ್ಕೆ ನೀನು ಫೋನಿಲ್ಲದೆ ಹೋಗು, ಎದುರಿಗಿದ್ದವಳ ಊರು ಯಾವುದೆಂದು ಕೇಳು. ಮನಬಿಚ್ಚಿ ಮಾತಾಡಿದವರಿಗೆ ರಾತ್ರಿ ಪರದೆಯ ಹಂಬಲ ಕಡಿಮೆ.

ಇಷ್ಟಾದರೂ ನಿದ್ದೆ, ಊಟ, ಕ್ಲಾಸು ತಪ್ಪುತ್ತಲೇ ಇದ್ದರೆ ಮುಚ್ಚಿಡಬೇಡ. ವಿಶ್ವ ಆರೋಗ್ಯ ಸಂಸ್ಥೆ ವಿಡಿಯೊ ಆಟದ ಗೀಳನ್ನು 2019ರಲ್ಲೇ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್ನೆಟ್ ಗೀಳಿಗೆಂದೇ 'ಶಟ್' ಕ್ಲಿನಿಕ್ ಇದೆ. ಜ್ವರಕ್ಕೆ ಡಾಕ್ಟರ ಹತ್ತಿರ ಹೋಗುವಷ್ಟೇ ಸಹಜ ಇದೂ. ಜೊತೆಗೆ ನಾನು ಬರುತ್ತೇನೆ. ಅಪ್ಪನಿಗೆ ಹೇಳುವ ಕೆಲಸ ನನಗೆ ಬಿಡು.

ನಿನ್ನ ಅತ್ತೆ