ಏರ್ ಫಿಲ್ಟರ್ ತೊಳೆಯೋದು ಹೇಗೆ? ಕೆಡಿಸಿ ಕಲಿತ ಪಾಠ

ಈ ಸಲ ಲ್ಯಾಬ್ ಮ್ಯಾನುಯಲ್‌ನಲ್ಲಿ ಇಲ್ಲದ ಒಂದು ಪ್ರಯೋಗ.

ಕಳೆದ ಸೆಮಿಸ್ಟರ್ ರಜೆಯಲ್ಲಿ ನಾವು ನಾಲ್ಕು ಜನ ಸಂಡೂರಿನ ಗೆಳೆಯನ ಮನೆಗೆ ಹೋಗಿದ್ವಿ. ಅವರ ಅಪ್ಪನ ಪೆಟ್ರೋಲ್ ಕಾರಿಗೆ ತೊಳೆದು ಮತ್ತೆ ಹಾಕುವಂಥ ಕಾಟನ್ ಏರ್ ಫಿಲ್ಟರ್ ಇತ್ತು. ಅದಿರು ಲಾರಿಗಳು ಓಡಾಡುವ ರಸ್ತೆ, ಫಿಲ್ಟರ್ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. "ನಾವೇ ತೊಳೆದುಕೊಡ್ತೀವಿ ಅಂಕಲ್" ಅಂದ್ವಿ, ಒಂದೇ ಗಂಟೆಯಲ್ಲಿ ಮುಗಿಸಿಯೂಬಿಟ್ವಿ. ಮೂರನೇ ದಿನ ಚೆಕ್ ಎಂಜಿನ್ ಲೈಟ್ ಹತ್ತಿಕೊಂಡಿತು. ಪಿಕಪ್ ಇಲ್ಲ, ಐಡ್ಲಿಂಗ್‌ನಲ್ಲಿ ನಡುಕ. ಅಂಕಲ್ ದಿನಾ ಹೊಸಪೇಟೆಗೆ ಕೆಲಸಕ್ಕೆ ಹೋಗಿಬರೋದು ಅದೇ ಕಾರಿನಲ್ಲಿ. ನಮಗೆ ಅವರ ಮುಖ ನೋಡೋಕೇ ಆಗಲಿಲ್ಲ.

ಎಲ್ಲಿ ತಪ್ಪಿದೆವು ಅಂತ ತಿಳಿಯೋಕೆ ಮೊದಲು ಫಿಲ್ಟರ್ ಮಾಡುವ ಕೆಲಸ ಏನು ಅಂತ ನೋಡೋಣ.

ಎಷ್ಟು ಗಾಳಿ?

1 ಕೆ.ಜಿ. ಪೆಟ್ರೋಲ್ ಪೂರ್ತಿ ಉರಿಯೋಕೆ ಸುಮಾರು 14.7 ಕೆ.ಜಿ. ಗಾಳಿ ಬೇಕು. ಒಂದು ಲೀಟರ್ ಪೆಟ್ರೋಲ್‌ನ ತೂಕ ಸುಮಾರು 0.74 ಕೆ.ಜಿ. ಅಂದರೆ ಹತ್ತಿರಹತ್ತಿರ 11 ಕೆ.ಜಿ. ಗಾಳಿ. ಗಾಳಿಯ ಸಾಂದ್ರತೆ ಘನಮೀಟರ್‌ಗೆ 1.2 ಕೆ.ಜಿ. ಅಂತ ಹಿಡಿದರೆ, ಲೀಟರ್ ಪೆಟ್ರೋಲ್‌ಗೆ 9,000 ಲೀಟರ್ ಗಾಳಿ! ಅಷ್ಟೂ ಗಾಳಿ ಈ ಒಂದು ಫಿಲ್ಟರ್ ಮೂಲಕವೇ ಹಾದುಹೋಗಬೇಕು. ಅದರ ಜೊತೆ ಬರುವ ಮಣ್ಣಿನ ಕಣ ಒಳಗೆ ನುಸುಳಿದರೆ ಪಿಸ್ಟನ್ ರಿಂಗು, ಸಿಲಿಂಡರ್ ಗೋಡೆಗಳನ್ನ ಮರಳು ಕಾಗದದ ಹಾಗೆ ಉಜ್ಜುತ್ತದೆ.

ಕಾಟನ್ ಫಿಲ್ಟರ್‌ನ ಎಳೆಗಳ ನಡುವಿನ ಸಂದುಗಳು ಎಷ್ಟೋ ಧೂಳಿನ ಕಣಗಳಿಗಿಂತ ದೊಡ್ಡವು. ಹಾಗಾಗಿ ಇದು ಹಿಟ್ಟು ಜರಡಿ ಹಿಡಿದ ಹಾಗಲ್ಲ. ಗಾಳಿ ಎಳೆಗಳ ನಡುವೆ ತಿರುವು ತೆಗೆದುಕೊಂಡು ಹೋಗುತ್ತದೆ. ಭಾರವಿರುವ ಕಣ ಆ ತಿರುವಿನಲ್ಲಿ ತಿರುಗಲಾರದೆ ಎಳೆಗೆ ಬಡಿಯುತ್ತದೆ, ಅಲ್ಲಿರುವ ಅಂಟೆಣ್ಣೆ ಅದನ್ನ ಹಿಡಿದುಕೊಳ್ಳುತ್ತದೆ. ಎಣ್ಣೆ ಇಲ್ಲದಿದ್ದರೆ ಈ ಫಿಲ್ಟರ್ ಅರ್ಧ ಫಿಲ್ಟರ್.

ಬಿಚ್ಚುವ ಮೊದಲು

ನಿಮ್ಮ ಕಾರಿನದ್ದು ಯಾವ ಫಿಲ್ಟರ್ ಅಂತ ಖಾತ್ರಿ ಮಾಡಿಕೊಳ್ಳಿ. ಸಾಮಾನ್ಯವಾಗಿ ಕಂಪನಿಯಿಂದ ಬರೋದು ಪೇಪರ್ ಫಿಲ್ಟರ್. ಅದನ್ನ ತೊಳೆಯಲೇಬಾರದು, ಬದಲಾಯಿಸಬೇಕು. ಎರಡು ತಂತಿ ಬಲೆಗಳ ನಡುವೆ ಮಡಿಕೆ ಮಡಿಕೆಯಾಗಿ ಹತ್ತಿಬಟ್ಟೆ ಇದ್ದರೆ ಮಾತ್ರ ಈ ಪಾಠ ನಿಮಗೆ.

ಫಿಲ್ಟರ್ ಮೇಲೆಲ್ಲ ತಂತಿ ಬಲೆ ಇನ್ನೂ ಕಾಣಿಸ್ತಾ ಇದ್ದರೆ ಸುಮ್ಮನೆ ಬಿಟ್ಟುಬಿಡಿ. ಕೊಳೆಯಾಗಿ ಕಂಡರೂ ಅದಿನ್ನೂ ಕೆಲಸ ಮಾಡ್ತಿದೆ. ಕೂತ ಧೂಳು ಒಂದು ಮಟ್ಟದವರೆಗೆ ಬೇರೆ ಧೂಳನ್ನ ಹಿಡಿಯೋಕೆ ನೆರವಾಗುತ್ತದೆ.

ತೊಳೆಯುವ ಕ್ರಮ

1. ಎಂಜಿನ್ ತಣ್ಣಗಾದ ಮೇಲೆ ಫಿಲ್ಟರ್ ತೆಗೆಯಿರಿ. ಎಂಜಿನ್ ಕಡೆ ಹೋಗುವ ಪೈಪಿನ ಬಾಯಿಗೆ ಶುದ್ಧ ಬಟ್ಟೆ ಮುಚ್ಚಿ. ಬಾಕ್ಸ್ ಒಳಗಿನ ಮಣ್ಣು ಒರೆಸಿ.

2. ಫಿಲ್ಟರನ್ನ ಮೆಲ್ಲಗೆ ತಟ್ಟಿ ಸಡಿಲ ಧೂಳು ಉದುರಿಸಿ.

3. ಇದಕ್ಕೆಂದೇ ಸಿಗುವ ಕ್ಲೀನರ್ ಎರಡೂ ಕಡೆ ಸಿಂಪಡಿಸಿ 10 ನಿಮಿಷ ಬಿಡಿ. ಒಣಗೋಕೆ ಬಿಡಬೇಡಿ. ಪೆಟ್ರೋಲ್, ಸೀಮೆಎಣ್ಣೆ ಬೇಡ.

4. ತಣ್ಣೀರು, ಕಡಿಮೆ ಒತ್ತಡ. ನೀರನ್ನ ಶುದ್ಧ ಬದಿಯಿಂದ ಕೊಳೆ ಬದಿಗೆ ಬಿಡಿ. ಉಲ್ಟಾ ಬಿಟ್ಟರೆ ಮಣ್ಣನ್ನ ನಾವೇ ಒಳಗೆ ತಳ್ಳಿದ ಹಾಗೆ.

5. ನೀರು ಕೊಡವಿ, ನೆರಳಿನಲ್ಲಿ ತಾನಾಗೇ ಒಣಗಲು ಬಿಡಿ. ಕಂಪ್ರೆಸರ್ ಗಾಳಿ, ಹೇರ್ ಡ್ರೈಯರ್ ಎರಡೂ ಬೇಡ. ಒಂದು ಹತ್ತಿಯನ್ನ ಹರಿಯುತ್ತೆ, ಇನ್ನೊಂದು ಕುಗ್ಗಿಸುತ್ತೆ.

6. ಪೂರ್ತಿ ಒಣಗಿದ ಮೇಲೆ ಪ್ರತಿ ಮಡಿಕೆಯ ತುದಿಗೆ ತೆಳುವಾಗಿ ಫಿಲ್ಟರ್ ಎಣ್ಣೆ ಹಾಕಿ. 20 ನಿಮಿಷ ಕಾದು, ಬಿಳಿಚಿಕೊಂಡ ಜಾಗಕ್ಕೆ ಮಾತ್ರ ಇನ್ನೊಂಚೂರು. ಹೆಚ್ಚಾದದ್ದನ್ನ ಒರೆಸಿ.

7. ವಾಪಸ್ ಕೂರಿಸುವಾಗ ಸುತ್ತಲಿನ ರಬ್ಬರ್ ಸರಿಯಾಗಿ ಕೂತಿದೆಯಾ ನೋಡಿ. ಅಲ್ಲಿ ಸಂದು ಬಿಟ್ಟರೆ ಗಾಳಿ ಫಿಲ್ಟರ್ ಹಂಗೇ ಇಲ್ಲದೆ ಒಳಗೆ ನುಗ್ಗುತ್ತೆ.

ನಮ್ಮ ತಪ್ಪು

ಐದನೇ ಹೆಜ್ಜೆಯಲ್ಲಿ ನಾವು ಕಾಯಲಿಲ್ಲ. ಅರೆ ಒದ್ದೆ ಫಿಲ್ಟರ್‌ಗೇ ಎಣ್ಣೆ ಹಾಕಿದ್ವಿ. ಬಣ್ಣ ಸರಿಯಾಗಿ ಹಿಡೀಲಿಲ್ಲ ಅಂತ "ಇನ್ನೊಂಚೂರು ಹಾಕೋ, ಧೂಳು ಚೆನ್ನಾಗಿ ಹಿಡಿಯುತ್ತೆ" ಅಂತ ಬಾಟಲಿ ಅರ್ಧ ಖಾಲಿ ಮಾಡಿದ್ವಿ. ಎಣ್ಣೆ ಗಾಳಿಯ ಜೊತೆ ಹೊರಟು ಮ್ಯಾಫ್ ಸೆನ್ಸರ್ ಮೇಲೆ ಕೂತಿತು.

ಈ ಸೆನ್ಸರ್‌ನಲ್ಲಿ ಒಂದು ಬಿಸಿ ತಂತಿ ಇರುತ್ತದೆ. ಗಾಳಿ ಹೆಚ್ಚು ಹರಿದಷ್ಟೂ ತಂತಿ ಹೆಚ್ಚು ಶಾಖ ಕಳೆದುಕೊಳ್ಳುತ್ತದೆ. ಅದರ ತಾಪ ಕಾಯ್ದುಕೊಳ್ಳಲು ಎಷ್ಟು ಕರೆಂಟ್ ಬೇಕಾಯ್ತು ಅನ್ನೋದರಿಂದ ಗಾಳಿಯ ಪ್ರಮಾಣ ಗೊತ್ತಾಗುತ್ತದೆ. ತಂತಿಗೆ ಎಣ್ಣೆ, ಅದಕ್ಕೆ ಧೂಳು ಮೆತ್ತಿದರೆ ಕಂಬಳಿ ಹೊದಿಸಿದ ಹಾಗೆ: ಶಾಖ ಕಡಿಮೆ ಹೋಗುತ್ತದೆ, ಇಸಿಯು "ಗಾಳಿ ಕಡಿಮೆ" ಅಂದುಕೊಂಡು ಪೆಟ್ರೋಲ್ ಕಡಿಮೆ ಮಾಡುತ್ತದೆ. ಸ್ಕ್ಯಾನರ್‌ನಲ್ಲಿ ಬಂದ ಕೋಡ್ ಪಿ0171, ಅಂದರೆ ಮಿಶ್ರಣದಲ್ಲಿ ಇಂಧನ ಸಾಲದು. ಹೀಟ್ ಟ್ರಾನ್ಸ್‌ಫರ್ ಪೇಪರ್‌ನಲ್ಲಿ ಪಾಸಾದ ನಮಗೇ ಇದು ಹೊಳೆದಿರಲಿಲ್ಲ!

ಫಿಲ್ಟರ್ ಕೈಗೆತ್ತಿಕೊಂಡ ಮೆಕ್ಯಾನಿಕ್ ಕೇಳಿದ್ದು ಒಂದೇ ಮಾತು: "ಇದಕ್ಕೆ ಯಾರಪ್ಪಾ ಇಷ್ಟು ಎಣ್ಣೆ ಕುಡಿಸಿದ್ದು?" ಸೆನ್ಸರ್‌ಗೆಂದೇ ಇರುವ ಸ್ಪ್ರೇನಿಂದ ಮುಟ್ಟದೆ ತೊಳೆದ ಮೇಲೆ ಕಾರು ಸರಿಹೋಯಿತು. ಮ್ಯಾಫ್ ಬದಲು ಮ್ಯಾಪ್ ಸೆನ್ಸರ್ ಇರುವ ಕಾರುಗಳಿಗೆ ಈ ಕಾಟ ಕಡಿಮೆ.

ಮೈಲೇಜ್ ಜಾಸ್ತಿ ಆಗುತ್ತಾ?

ಹಾಸ್ಟೆಲ್‌ನಲ್ಲಿ ಎಲ್ಲರೂ ಕೇಳಿದ ಪ್ರಶ್ನೆ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದ 2009ರ ವರದಿ ಪ್ರಕಾರ, ಇಸಿಯು ಇರುವ ಈಗಿನ ಪೆಟ್ರೋಲ್ ಕಾರುಗಳಲ್ಲಿ ಕಟ್ಟಿಕೊಂಡ ಫಿಲ್ಟರ್‌ನಿಂದ ಮೈಲೇಜ್ ಹೇಳಿಕೊಳ್ಳುವಷ್ಟು ಬೀಳುವುದಿಲ್ಲ, ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಪಿಕಪ್ ಬೀಳುತ್ತದೆ. ಹಾಗಾಗಿ ಫಿಲ್ಟರ್ ತೊಳೆಯೋದು ಪೆಟ್ರೋಲ್ ಉಳಿಸೋಕಲ್ಲ, ಎಂಜಿನ್ ಉಳಿಸೋಕೆ.

ಊರು ಬಿಡುವ ಹಿಂದಿನ ದಿನ ಅದೇ ಫಿಲ್ಟರನ್ನ ಮತ್ತೆ ತೊಳೆದ್ವಿ. ಈ ಸಲ ರಾತ್ರಿಯಿಡೀ ಪಡಸಾಲೆಯಲ್ಲಿ ಒಣಗಿತು. ಬೆಳಿಗ್ಗೆ ಎಣ್ಣೆ ಹಾಕುವಾಗ ಅಂಕಲ್ ಚಾ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದರು. ಬಾಟಲಿ ಮಾತ್ರ ಅವರ ಕೈಯಲ್ಲೇ ಇತ್ತು!