ಬೆವರು ಕಾಣದ ಬಿಸಿಲು: ಗದಗ ಸೀಮೆಯ ಜಾತ್ರೆಗಳಿಗೆ ಹೋಗುವ ಸದಸ್ಯರಿಗೊಂದು ಪಾಠ

ಕಾಫಿ ಕೊಯ್ಲು ಮುಗಿದು, ಅಡಕೆ ಒಣಗಿ ಮಂಡಿ ಸೇರಿ, ಹೂಮಳೆಯೂ ಒಂದೆರಡು ಬಿದ್ದಿತೆಂದರೆ ನಮ್ಮ ಬೆಳೆಗಾರ ಬಾಂಧವರಿಗೆ ಸ್ವಲ್ಪ ಉಸಿರಾಡುವ ಕಾಲ. ತೋಟದ ಕೆಲಸಕ್ಕೆ ಬಯಲುಸೀಮೆಯಿಂದ ಬಂದವರು ಊರಿಗೆ ಹೊರಡುತ್ತಾರೆ. ಹೊರಡುವಾಗ "ನಮ್ಮೂರ ತೇರಿಗೆ ಬರ್ರಿ" ಎಂದು ಕರೆಯುತ್ತಾರೆ. ಕರೆದರೆಂದು ಹೋಗುವವರು ಕೆಲವರು. ಮನೆಯ ಕಾಫಿಪುಡಿ, ಮೆಣಸು, ಏಲಕ್ಕಿ, ಅಡಕೆ ಕಟ್ಟಿಕೊಂಡು ನಾಲ್ಕು ದಿನ ಅಂಗಡಿ ಹಾಕೋಣವೆಂದು ಟೆಂಪೋ ಹೂಡುವವರು ಇನ್ನು ಕೆಲವರು. ಎರಡೂ ಒಳ್ಳೆಯದೇ. ಆದರೆ ಈ ಜಾತ್ರೆಗಳು ಬರುವುದು ಎಂಥ ಹೊತ್ತಿನಲ್ಲಿ ಎಂಬುದನ್ನು ನೋಡಿರಿ. ಗದಗಿನ ತೋಂಟದಾರ್ಯ ಮಠದ ತೇರು ದವನದ ಹುಣ್ಣಿಮೆಗೆ, ಎಂದರೆ ಚೈತ್ರದಲ್ಲಿ. ಶಿರಹಟ್ಟಿಯ ಫಕೀರೇಶ್ವರ ಮಠದ ಜಾತ್ರೆ ಅದರ ಮುಂದಿನ ಆಗಿ ಹುಣ್ಣಿಮೆಗೆ, ವೈಶಾಖದಲ್ಲಿ. ಇಡೀ ವರ್ಷದ ಕಡುಬಿಸಿಲು ಈ ಎರಡು ಹುಣ್ಣಿಮೆಗಳ ಆಸುಪಾಸಿನಲ್ಲೇ ಇರುತ್ತದೆ. ಮರದ ನೆರಳಿನಲ್ಲಿ ಬೆಳೆದ ನಮ್ಮ ಮೈಗೆ ಆ ಎರೆಭೂಮಿಯ ಬಿಸಿಲು ಹೊಸದು. ಆದುದರಿಂದ ಈ ಸಲದ ಪಾಠಕ್ಕೆ ಇದನ್ನೇ ಆರಿಸಿಕೊಂಡಿದ್ದೇವೆ.

ಮೊದಲು ಒಂದು ಮಾತನ್ನು ಸ್ಪಷ್ಟವಾಗಿ ತಿಳಿಯಬೇಕು. ಅಲ್ಲಿಯ ಬಿಸಿಲು ನಮ್ಮಲ್ಲಿಯ ಬಿಸಿಲಿಗಿಂತ ಹೆಚ್ಚು ಎಂಬುದಷ್ಟೇ ವಿಷಯವಲ್ಲ, ಅದರ ಜಾತಿಯೇ ಬೇರೆ. ಕಣದಲ್ಲಿ ಕಾಫಿ ಹರವಿದವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಮೋಡ ಮುಚ್ಚಿ ಗಾಳಿಯಲ್ಲಿ ಪಸೆ ಇರುವ ದಿನ ಹಣ್ಣು ಎಷ್ಟು ಹೊತ್ತಾದರೂ ಒಣಗದು. ಒಣಗಾಳಿ ಬೀಸಿದ ದಿನ ಸಂಜೆಯೊಳಗೆ ಗಲಗಲ ಎನ್ನುತ್ತದೆ. ನಮ್ಮ ಬೆವರೂ ಹಾಗೆಯೇ. ಮಲೆನಾಡಿನ, ಕರಾವಳಿಯ ಸೆಕೆಯಲ್ಲಿ ಬೆವರು ಒಣಗದೆ ಹರಿಯುತ್ತದೆ, ಅಂಗಿ ತೊಯ್ಯುತ್ತದೆ, ಮುಖದಿಂದ ತೊಟ್ಟಿಕ್ಕುತ್ತದೆ. "ಅಬ್ಬಾ, ಎಷ್ಟು ಬೆವರಿದೆ" ಎಂದು ನೀರು ಕುಡಿಯುತ್ತೇವೆ. ಗದಗಿನಲ್ಲಿ ಏಪ್ರಿಲ್ ಮಧ್ಯಾಹ್ನ ಒಣಗಾಳಿಯಲ್ಲಿ ನಿಂತರೆ ಬೆವರು ಬಂದದ್ದೇ ಗೊತ್ತಾಗುವುದಿಲ್ಲ. ಬಂದ ಹಾಗೆಯೇ ಗಾಳಿ ಕುಡಿದುಬಿಡುತ್ತದೆ. ಸಂಜೆ ಅಂಗಿಯ ಬೆನ್ನಿನ ಮೇಲೆ ಬಿಳಿಯ ಉಪ್ಪಿನ ಗೆರೆ ಕಂಡಾಗಲೇ ಎಷ್ಟು ಹೋಗಿದೆಯೆಂದು ತಿಳಿಯುವುದು.

ಇದರಲ್ಲಿ ಒಂದು ಅನುಕೂಲವೂ ಇದೆ. ಬೆವರು ಮೈ ತಣಿಸುವುದು ಹರಿಯುವುದರಿಂದಲ್ಲ, ಆರುವುದರಿಂದ. ಒಂದು ಲೀಟರು ಬೆವರು ಮೈಮೇಲೆಯೇ ಆರಿದರೆ ಸುಮಾರು 580 ಕಿಲೊಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ನೆಲಕ್ಕೆ ತೊಟ್ಟಿಕ್ಕಿದ ಬೆವರು ಬರೇ ನಷ್ಟ. ಸುಮ್ಮನೆ ಕುಳಿತ ಮನುಷ್ಯನ ದೇಹ ಗಂಟೆಗೆ ಹುಟ್ಟಿಸುವ ಶಾಖ ನೂರು ಕಿಲೊಕ್ಯಾಲೊರಿಯ ಒಳಗೆ. ಹಾಗಾಗಿ ನಮ್ಮ ಅಭಿಪ್ರಾಯದಲ್ಲಿ ಗದಗಿನ ಬಿಸಿಲು ಮಂಗಳೂರಿನ ಸೆಕೆಗಿಂತ ದಯಾಳು, ಆದರೆ ಮೈಯಲ್ಲಿ ನೀರಿರುವವರೆಗೆ ಮಾತ್ರ. ನೀರು ತೀರಿದ ಮೇಲೆ ದಯೆ ಇಲ್ಲ. ಬಿಸಿಲಲ್ಲಿ ಹೊರೆ ಹೊತ್ತು ದುಡಿಯುವವನಿಗೆ ಗಂಟೆಗೆ ಒಂದು ಲೀಟರಿನವರೆಗೂ ಬೆವರು ಹೋಗಬಲ್ಲದು.

ಆದ್ದರಿಂದ ಅಲ್ಲಿ ಬೆವರನ್ನು ನೋಡಿ ನೀರು ಕುಡಿಯಬೇಡಿ, ಬಾಯಾರಿಕೆಯನ್ನೂ ಕಾಯಬೇಡಿ. ಗಡಿಯಾರ ನೋಡಿ ಕುಡಿಯಿರಿ. ಸಾಮಾನು ಇಳಿಸುವಾಗ, ಚಪ್ಪರ ಕಟ್ಟುವಾಗ 20 ನಿಮಿಷಕ್ಕೊಮ್ಮೆ ಒಂದು ದೊಡ್ಡ ಲೋಟ. ನೆರಳಿನಲ್ಲಿ ಕುಳಿತು ವ್ಯಾಪಾರ ಮಾಡುವಾಗ ಅರ್ಧ ಗಂಟೆಗೊಂದು ಸಾಕು. ಒಮ್ಮೆಲೇ ಚೊಂಬುಗಟ್ಟಲೆ ಸುರಿದುಕೊಳ್ಳುವುದೂ ತಪ್ಪು. ಗಂಟೆಗೆ ಒಂದೂಕಾಲು ಲೀಟರಿಗಿಂತ ಮೀರಬಾರದು, ಮೀರಿದರೆ ರಕ್ತದಲ್ಲಿಯ ಉಪ್ಪು ತೆಳುವಾಗಿ ಬೇರೆ ತೊಂದರೆ ಬರುತ್ತದೆ.

ನಂಬಿಕೆ ಬಾರದಿದ್ದರೆ ಒಂದು ಪರೀಕ್ಷೆ ಮಾಡಿ ನೋಡಬಹುದು. ಅಂಗಡಿಗೆ ಹೇಗೂ ತೂಕದ ಯಂತ್ರ ಒಯ್ಯುತ್ತೀರಿ. ಮೂಟೆ ತೂಗುವ ಯಂತ್ರವಾದರೆ ಬೆಳಿಗ್ಗೆ ಒಮ್ಮೆ, ಸಂಜೆ ಊಟಕ್ಕೆ ಮೊದಲು ಒಮ್ಮೆ ಅದರ ಮೇಲೆ ನಿಲ್ಲಿರಿ. ಒಂದೇ ದಿನದಲ್ಲಿ ಇಳಿದ ತೂಕವೆಲ್ಲ ಬಹುಮಟ್ಟಿಗೆ ನೀರೇ, ಕಿಲೋ ಒಂದಕ್ಕೆ ಲೀಟರು ಒಂದು. 60 ಕಿಲೋ ತೂಗುವವರು 1 ಕಿಲೋ 200 ಗ್ರಾಂ ಇಳಿದಿದ್ದರೆ ಕುಡಿದದ್ದು ಸಾಲಲಿಲ್ಲವೆಂದು ಅರ್ಥ. ಯಂತ್ರ ಇಲ್ಲದವರು ಮೂತ್ರದ ಬಣ್ಣ ನೋಡಿಕೊಳ್ಳಲಿ. ತಿಳಿಯಾಗಿದ್ದರೆ ಸರಿ, ಕಷಾಯದ ಬಣ್ಣಕ್ಕೆ ತಿರುಗಿದ್ದರೆ, ಅಥವಾ ಬೆಳಗಿನಿಂದ ಹೋಗಬೇಕೆಂದೇ ಅನಿಸಿಲ್ಲವಾದರೆ, ತಡವಾಗಿದೆ.

ಇನ್ನು ಕುಡಿಯುವುದು ಏನನ್ನು? ಇದನ್ನು ಆ ಸೀಮೆಯವರಿಂದಲೇ ಕಲಿಯಬೇಕು. ಮನೆಗೆ ಬಂದವರಿಗೆ ಒಂದು ಚೂರು ಬೆಲ್ಲ, ಒಂದು ತಂಬಿಗೆ ನೀರು ಮುಂದಿಡುವುದು ಅಲ್ಲಿಯ ಪದ್ಧತಿ. ಬಿಸಿಲಿಗೆ ಜೋಳದ ನುಚ್ಚು ಮಜ್ಜಿಗೆ, ಅಂಬಲಿ, ಜೊತೆಗೆ ಹಸಿ ಉಳ್ಳಾಗಡ್ಡಿ. ಉಪ್ಪು ಹಾಕಿದ ನೀರುಮಜ್ಜಿಗೆಯಲ್ಲಿ ಬೆವರಿನಲ್ಲಿ ಹೋದ ನೀರೂ ಇದೆ, ಉಪ್ಪೂ ಇದೆ. ಜಾತ್ರೆಯ ದಾರಿಯುದ್ದಕ್ಕೂ ಅರವಟ್ಟಿಗೆ ಇಡುವುದು ಪುಣ್ಯದ ಕೆಲಸವೆಂದು ಇಂದಿಗೂ ನಡೆದು ಬಂದಿದೆ; ಹಳೆಯ ಶಾಸನಗಳಲ್ಲಿ 'ಅರವಂಟಿಗೆ' ಎಂದು ಬರುವುದೂ ಇದೇ. ತಲೆ ಸುತ್ತಿದವರಿಗೆ, ಭೇದಿಯಾದವರಿಗೆ ಓ.ಆರ್.ಎಸ್. ಪೊಟ್ಟಣ ಒಳ್ಳೆಯದು. ಅದಿಲ್ಲದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಇದಕ್ಕಿಂತ ಹೆಚ್ಚಬಾರದು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು, ಅದರಲ್ಲಿಯೂ ಮೂತ್ರ ಹೋಗಿಸುವ ಮಾತ್ರೆ ನುಂಗುವವರು, ಹೊರಡುವ ಮೊದಲೇ ತಮ್ಮ ವೈದ್ಯರನ್ನು ಕೇಳಿ ಹೊರಡತಕ್ಕದ್ದು. ಎಲ್ಲಿಯ ನೀರೆಂದು ತಿಳಿಯದ ಬಣ್ಣದ ಐಸು ಬೇಡ. ಹೊಟ್ಟೆ ಕೆಟ್ಟರೆ ಇದ್ದ ನೀರೂ ಹೋಯಿತು. ಗದಗಿನ ಮಿರ್ಚಿ ಭಜಿಯನ್ನು ಬಿಟ್ಟು ಬನ್ನಿರೆಂದು ಹೇಳುವ ಕಟುಕರು ನಾವಲ್ಲ, ಸಂಜೆ ತಿನ್ನಿರಿ.

ನಮ್ಮ ಸರಕಿನ ವಿಷಯವನ್ನೂ ಮುಚ್ಚಿಡದೆ ಹೇಳಬೇಕು. ಕಾಫಿ ನೀರನ್ನು ಹೊರಹಾಕುತ್ತದೆ, ಬಿಸಿಲಿಗೆ ಕೂಡದು ಎನ್ನುವವರುಂಟು. ದಿನವೂ ಕುಡಿದು ರೂಢಿಯಾದವರಿಗೆ ಎರಡು ಮೂರು ಲೋಟದಿಂದ ಹಾನಿಯಿಲ್ಲ. ಅದರಲ್ಲಿಯ ನೀರು ದೇಹಕ್ಕೆ ಸಲ್ಲುತ್ತದೆ. ಎಲೆ ಅಡಕೆಯ ಮಾತು ಬೇರೆ. ಅಡಕೆ ಜಗಿದರೆ ಮೈ ಬೆಚ್ಚಗಾಗಿ ಹಣೆಯಲ್ಲಿ ಬೆವರೊಡೆಯುವುದು ನಮಗೆಲ್ಲ ಗೊತ್ತಿರುವುದೇ. ನಡು ಮಧ್ಯಾಹ್ನ ಬೇಡ. ಮದ್ಯವಂತೂ ಬಿಸಿಲಿನಲ್ಲಿ ವಿಷವೇ ಸರಿ.

ಎರಡನೆಯ ವಿಷಯ ಮೈಯ ರೂಢಿ. ನರ್ಸರಿಯ ಚಪ್ಪರದ ಕೆಳಗಿದ್ದ ಕಾಫಿ ಸಸಿಯನ್ನು ನೇರವಾಗಿ ಬಯಲಿಗೆ ಯಾರೂ ನೆಡುವುದಿಲ್ಲ. ಚಪ್ಪರದ ಸೊಪ್ಪನ್ನು ದಿನದಿನಕ್ಕೆ ತೆಳುವು ಮಾಡಿ, ಬಿಸಿಲಿಗೆ ಪಳಗಿಸಿ ನೆಡುತ್ತೇವೆ. ಮನುಷ್ಯನ ದೇಹವೂ ಹೀಗೆ ಪಳಗುತ್ತದೆ. ಅದಕ್ಕೆ ಒಂದರಿಂದ ಎರಡು ವಾರ ಬೇಕು. ಪಳಗಿದ ದೇಹ ಬೇಗ ಬೆವರಲು ತೊಡಗುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆ ಕಳೆಯುತ್ತದೆ. ಬಿಸಿಲಿನ ಕೆಲಸದಲ್ಲಿ ಸಾಯುವವರಲ್ಲಿ ಹೆಚ್ಚಿನವರು ಮೊದಲ ಕೆಲವು ದಿನಗಳಲ್ಲೇ ಸಾಯುತ್ತಾರೆಂಬುದು ಹಲವು ದೇಶಗಳ ಅನುಭವ. ಎರಡು ವಾರ ಮುಂಚೆ ಹೋಗಿ ಕೂರಲು ಯಾರಿಗೂ ಆಗದು. ಆದರೆ ರಾತ್ರಿಯಿಡೀ ಪ್ರಯಾಣ ಮಾಡಿ, ನಿದ್ದೆಗೆಟ್ಟು, ಬೆಳಿಗ್ಗೆ ಇಳಿದು, ಮಧ್ಯಾಹ್ನವೇ ಚಪ್ಪರದ ಗಳ ಹೂಳುವುದನ್ನಾದರೂ ಬಿಡಬಹುದಲ್ಲ! ಒಂದೆರಡು ದಿನ ಮುಂಚೆ ಹೋಗಿರಿ, ಮೊದಲ ದಿನ ಅರ್ಧ ಕೆಲಸ ಮಾಡಿರಿ.

ಇಲ್ಲಿ ಒಂದು ಸೂಕ್ಷ್ಮವಿದೆ. "ನಮ್ಮ ಜೊತೆಗಿರುವವರು ಗದಗಿನವರೇ, ಅವರಿಗೇನು" ಎಂದು ಭಾರದ ಕೆಲಸವನ್ನೆಲ್ಲ ಅವರಿಗೆ ಬಿಡುವುದುಂಟು. ನಾಲ್ಕೈದು ತಿಂಗಳು ನಮ್ಮ ತೋಟದ ನೆರಳಲ್ಲಿ ದುಡಿದವರ ಮೈಯೂ ಬಿಸಿಲನ್ನು ಮರೆತಿರುತ್ತದೆ. ಪಳಗಿದ್ದು ಕೆಲವೇ ವಾರಗಳಲ್ಲಿ ಕಳೆದುಹೋಗುತ್ತದೆ. ಅವರಿಗೂ ನಮ್ಮದೇ ಲೆಕ್ಕ ಅನ್ವಯಿಸುತ್ತದೆ. ಸಂಕೋಚದಿಂದ ಅವರು "ಆಗಂಗಿಲ್ಲ" ಎನ್ನುವುದಿಲ್ಲ. ಕೂರಿರಿ ಎಂದು ನಾವೇ ಹೇಳಬೇಕು.

ಹೊತ್ತಿನ ವಿಚಾರ. ತೇರು ಎಳೆಯುವುದು ಸಂಜೆ. ಹಿರಿಯರು ಇದನ್ನು ಬಿಸಿಲು ನೋಡಿಯೇ ಗೊತ್ತುಮಾಡಿದರೋ ಶಾಸ್ತ್ರ ನೋಡಿಯೋ, ಅಂತೂ ಬುದ್ಧಿವಂತಿಕೆಯ ಏರ್ಪಾಡು. ಇದನ್ನು ಮರೆತು ನಡುಹಗಲಿನಲ್ಲಿ ಜನ ಸೇರಿಸಿದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರ್ಘರ್‌ನಲ್ಲಿ ಮಹಾರಾಷ್ಟ್ರ ಭೂಷಣ ಪ್ರಶಸ್ತಿಯ ಸಮಾರಂಭ ತೆರೆದ ಮೈದಾನದಲ್ಲಿ ನಡೆಯಿತು. ಲಕ್ಷಾಂತರ ಜನ ನೆರಳಿಲ್ಲದೆ ಗಂಟೆಗಟ್ಟಲೆ ಕುಳಿತರು. 14 ಜನ ಸತ್ತರು. ಅಂದಿನ ಉಷ್ಣಮಾನ 38 ಡಿಗ್ರಿಯ ಆಸುಪಾಸು, ಎಂದರೆ ಗದಗಿನಲ್ಲಿ ಆ ತಿಂಗಳಲ್ಲಿ ಅಪರೂಪವಲ್ಲದ ಅಂಕಿ. 2024ರ ಜೂನಿನಲ್ಲಿ ಮೆಕ್ಕಾ ಯಾತ್ರೆಯಲ್ಲಿ 1,301 ಮಂದಿ ತೀರಿಕೊಂಡರೆಂದು ಸೌದಿ ಸರಕಾರ ಹೇಳಿತು. ಅವರಲ್ಲಿ ಹೆಚ್ಚಿನವರು ಪರವಾನಗಿ ಇಲ್ಲದೆ, ನೆರಳಿನ ಆಸರೆಯಿಲ್ಲದೆ ಬಹುದೂರ ನಡೆದವರು. ಪತ್ರಿಕೆಯಲ್ಲಿ ಬರುವ ಉಷ್ಣಮಾನ ನೆರಳಿನಲ್ಲಿ ಅಳೆದದ್ದು ಎಂಬುದೂ ನೆನಪಿರಲಿ.

ಹಾಗಾಗಿ 12 ಗಂಟೆಯಿಂದ 4 ಗಂಟೆಯವರೆಗೆ ತಿರುಗಾಟ ಬೇಡ. ಹೇಗೂ ಆ ಹೊತ್ತಿನಲ್ಲಿ ಅಲ್ಲಿಯ ಗಿರಾಕಿಗಳೂ ಬರುವುದಿಲ್ಲ, ಅವರಿಗೆ ಗೊತ್ತು. ನೋಡುವುದನ್ನೆಲ್ಲ ಮುಂಜಾನೆಯೇ ನೋಡಿರಿ. ಸಹಕಾರಿಗಳಾದ ನಾವು ಗದಗಿನವರೆಗೆ ಹೋಗಿ ಕಣಗಿನಹಾಳವನ್ನು ನೋಡದೆ ಬರುವುದು ಸರಿಯಲ್ಲ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ಊರು ಅದು. ನಮ್ಮ ಸಂಘಗಳ ತವರುಮನೆ. ಲಕ್ಕುಂಡಿಯೂ ಹತ್ತಿರ. ಅಲ್ಲಿಯ ಮುಸುಕಿನ ಬಾವಿಯ ಮೆಟ್ಟಿಲು ಇಳಿಯುತ್ತ ಹೋದಂತೆ ಕಲ್ಲಿನ ತಂಪು ಕಾಲಿಗೆ ಗೊತ್ತಾಗುತ್ತದೆ.

ಅಂಗಡಿಯ ಚಪ್ಪರಕ್ಕೆ ಬರಿಯ ತಗಡು ಹೊದಿಸಿದರೆ ಅದು ಕಾದು, ಕೆಳಗೆ ಕುಳಿತವರ ನೆತ್ತಿಗೆ ಶಾಖ ಕಾರುತ್ತದೆ. ಕಪ್ಪು ತಾಡಪತ್ರಿಯೂ ಅಷ್ಟೆ. ಅದರ ಮೇಲೆ ಒಂದು ಗೇಣು ಬಿಟ್ಟು ಸೋಗೆಯೋ ಜೋಳದ ಕಣಿಕೆಯೋ ಹಾಸಿದರೆ ನಡುವೆ ಗಾಳಿ ಆಡಿ ವ್ಯತ್ಯಾಸ ಅಲ್ಲೇ ತಿಳಿಯುತ್ತದೆ. ಎಳೆಯ ಅಡಕೆ ಮರದ ಕಾಂಡಕ್ಕೆ ನೈಋತ್ಯದ ಬಿಸಿಲು ತಾಗಿ ಸುಡದಂತೆ ನಾವು ಸೋಗೆ ಕಟ್ಟುತ್ತೇವಲ್ಲ, ಅಂಗಡಿಗೂ ಆ ಕಡೆಯ ಮಗ್ಗುಲನ್ನೇ ಮೊದಲು ಮುಚ್ಚಬೇಕು. ನೀರಿಗೆ ಅಲ್ಲಿಯ ಮಣ್ಣಿನ ಹರವಿ ಕೊಳ್ಳಿರಿ. ಒಣಗಾಳಿಯಲ್ಲಿ ಅದು ತಣಿಸುವಷ್ಟು ಚೆನ್ನಾಗಿ ನಮ್ಮೂರಿನಲ್ಲಿ ತಣಿಸದು, ಕಾರಣ ಮೇಲೆ ಹೇಳಿದ್ದೇ. ತಲೆಗೆ ನಮ್ಮ ಹಾಳೆಟೊಪ್ಪಿ ಇದ್ದೇ ಇದೆ. ಕೈಮಗ್ಗಕ್ಕೆ ಹೆಸರಾದ ಬೆಟಗೇರಿಯಲ್ಲಿ ಒಂದು ಹತ್ತಿಯ ವಸ್ತ್ರ ಕೊಂಡು, ಒದ್ದೆ ಮಾಡಿ ಕುತ್ತಿಗೆಗೆ ಸುತ್ತಿಕೊಂಡು, ಹಾಳೆಯ ಬೀಸಣಿಗೆಯಿಂದ ಬೀಸಿಕೊಂಡರೆ ಖರ್ಚಿಲ್ಲದ ತಂಪು. ಆದರೆ ಗಾಳಿಯೇ 40 ಡಿಗ್ರಿ ದಾಟಿದಾಗ ಒಣಮೈಗೆ ಫ್ಯಾನು ಹಾಕಿದರೆ ಬಿಸಿ ಹೆಚ್ಚೇ ಆಗುತ್ತದೆ. ಮೊದಲು ಮೈ ಒದ್ದೆಯಾಗಿರಬೇಕು. ಮುಂಗಾರಿಗೆ ಮುಂಚಿನ ಗುಡುಗು ಮಳೆ ಒಂದು ಬಿದ್ದ ಮರುದಿನ ಅಲ್ಲಿಯೂ ನಮ್ಮಲ್ಲಿಯಂತೆಯೇ ಸೆಕೆ. ಅಂದು ಒದ್ದೆ ಬಟ್ಟೆ ಅಷ್ಟು ಕೆಲಸ ಮಾಡದು, ಭಾರದ ಕೆಲಸವನ್ನೇ ಕಡಿಮೆ ಮಾಡಬೇಕು.

ಕೊನೆಗೆ ಅಪಾಯದ ಗುರುತು. ಸ್ನಾಯು ಹಿಡಿತ, ತಲೆನೋವು, ವಾಕರಿಕೆ, ಕಣ್ಣು ಕತ್ತಲೆ ಬಂದರೆ ನೆರಳಿಗೆ ಕರೆದು, ಮಲಗಿಸಿ, ಉಪ್ಪು ಸಕ್ಕರೆಯ ನೀರು ಗುಟುಕು ಗುಟುಕಾಗಿ ಕೊಟ್ಟರೆ ಚೇತರಿಸಿಕೊಳ್ಳುತ್ತಾರೆ. ಆದರೆ ಬುದ್ಧಿ ಮಂಕಾದರೆ ಅದು ಬೇರೆಯೇ. ಚಿಲ್ಲರೆ ಎಣಿಸುವಾಗ ತಪ್ಪುವುದು, ಕಾರಣವಿಲ್ಲದೆ ಗಿರಾಕಿಯ ಮೇಲೆ ರೇಗುವುದು, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ, ತಡವರಿಸುವ ನಡಿಗೆ, ಇವುಗಳನ್ನು ಕಂಡರೆ "ಆಯಾಸ" ಎಂದು ಮಲಗಿಸಿ ಬಿಡಬೇಡಿ. ಒಳಮೈಯ ಉಷ್ಣಮಾನ 40 ಡಿಗ್ರಿ, ಎಂದರೆ 104 ಫ್ಯಾರನ್‌ಹೀಟ್ ದಾಟಿರಬಹುದು. ಇದೇ ಬಿಸಿಲಿನ ಹೊಡೆತ. ಚರ್ಮ ಒಣಗಿರಲೇಬೇಕೆಂದಿಲ್ಲ, ಬೆವರುತ್ತಿರುವಾಗಲೂ ಬರುತ್ತದೆ. ಕೂಡಲೇ 108ಕ್ಕೆ ಫೋನು ಮಾಡಿಸಿರಿ. ಗಾಡಿ ಬರುವವರೆಗೆ ಕಾಯದೆ ಅಂಗಿ ಬಿಚ್ಚಿ, ಇದ್ದ ನೀರನ್ನೆಲ್ಲ ಮೈಮೇಲೆ ಸುರಿದು, ಬಿಡದೆ ಗಾಳಿ ಹಾಕಿರಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ತಣ್ಣೀರಿನ ಬಟ್ಟೆ ಅಥವಾ ಐಸು ಇಡಿರಿ. ಜ್ವರದ ಮಾತ್ರೆಯಿಂದ ಈ ಬಿಸಿ ಇಳಿಯದು, ಕೊಡಬಾರದು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಕೂಡದು, ಶ್ವಾಸನಾಳಕ್ಕೆ ಹೋದೀತು. ಕುಡಿಯುವ ನೀರು ಖಾಲಿಯಾದೀತೆಂದು ಹರವಿಯನ್ನು ನೋಡುತ್ತ ಹಿಂಜರಿಯಬೇಡಿ. ಪಕ್ಕದ ಅಂಗಡಿಯವರ ಕೊಡವನ್ನೂ ಕೇಳಿ ತಂದು ಸುರಿಯಿರಿ. ಹಾಗೆಯೇ, ಮಲಗಿದೆಯೆಂದು ಮಗುವನ್ನು ಗಾಜು ಏರಿಸಿದ ಜೀಪಿನಲ್ಲಿ ಬಿಟ್ಟು ತೇರು ನೋಡಲು ಐದು ನಿಮಿಷಕ್ಕೆಂದೂ ಹೋಗಬಾರದು.