ಶೀಲ್ಡ್ ಬೆಳಕಿಗೆ, ಹೊಗೆಗಲ್ಲ: ಹತ್ತನೇ ತರಗತಿಯ ಒಂದು ಪಾಠ

ಬೋಧನಾಭ್ಯಾಸದ ಮೂರನೇ ವಾರ ‘ಲೋಹಗಳು ಮತ್ತು ಅಲೋಹಗಳು’ ಪಾಠ ಮಾಡುತ್ತಿದ್ದೆ. ಶಾಲೆಯ ಎದುರಿನ ಗ್ರಿಲ್ ಅಂಗಡಿಯ ಉದಾಹರಣೆ ಕೊಟ್ಟು, “ಮುಖಕ್ಕೆ ಶೀಲ್ಡ್ ಹಿಡಿದರೆ ವೆಲ್ಡಿಂಗ್‌ನಿಂದ ಅಪಾಯವಿಲ್ಲ” ಎಂದುಬಿಟ್ಟೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಮಿಸ್, ಶೀಲ್ಡ್ ಬೆಳಕಿಗೆ. ಹೊಗೆ ಕೆಳಗಿಂದ ಒಳಗೆ ಬರುತ್ತೆ. ನಮ್ಮಪ್ಪ ರಾತ್ರಿ ಕೆಮ್ತಾರೆ, ಬೆಲ್ಲ ತಿಂದ್ರೆ ಸರಿಹೋಗುತ್ತೆ ಅಂತಾರೆ” ಎಂದ. ನನ್ನ ಪಾಠ ಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ.

ಮರುದಿನ ಮೊದಲು ನನ್ನ ತಪ್ಪು ಒಪ್ಪಿಕೊಂಡೆ. ಕರಗಿದ ಲೋಹದ ಆವಿ ತಣಿದು ಅತಿಸೂಕ್ಷ್ಮ ಆಕ್ಸೈಡ್ ಕಣಗಳಾಗುತ್ತದೆ. ಅವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಸಾಧಾರಣ ಉಕ್ಕಿನ ಹೊಗೆಯಲ್ಲಿ ಕಬ್ಬಿಣದ ಜೊತೆ ಮ್ಯಾಂಗನೀಸ್ ಇರುತ್ತದೆ, ಅದು ಹೆಚ್ಚಾದರೆ ನರಮಂಡಲಕ್ಕೆ ಪೆಟ್ಟು. ಸ್ಟೇನ್‌ಲೆಸ್ ಸ್ಟೀಲಿನದರಲ್ಲಿ ನಿಕ್ಕಲ್ ಮತ್ತು +6 ಉತ್ಕರ್ಷಣ ಸ್ಥಿತಿಯ ಕ್ರೋಮಿಯಂ, ಎರಡೂ ಕ್ಯಾನ್ಸರ್‌ಕಾರಕ.

ಅಳೆಯುವುದು ಹೇಗೆ? ವೆಲ್ಡರ್‌ನ ಸೊಂಟಕ್ಕೆ ಪುಟ್ಟ ಪಂಪು, ಶೀಲ್ಡಿನ ಒಳಗೆ ಮೂಗಿನ ಹತ್ತಿರ ತೂಗಿಟ್ಟ ಫಿಲ್ಟರ್. ಕೋಣೆಯ ಮಧ್ಯೆ ಇಟ್ಟರೆ ಅವನು ಉಸಿರಾಡುವ ಗಾಳಿಯ ಲೆಕ್ಕ ಸಿಗದು. ಕಪ್ಪುಹಲಗೆಯ ಮೇಲೆ ಮಕ್ಕಳೇ ಲೆಕ್ಕ ಮಾಡಿದರು: ನಿಮಿಷಕ್ಕೆ 2 ಲೀಟರಿನಂತೆ 8 ಗಂಟೆಗೆ 960 ಲೀಟರ್, ಅಂದರೆ 0.96 ಘನ ಮೀಟರ್. ಫಿಲ್ಟರ್ ತೂಕ 2.4 ಮಿಲಿಗ್ರಾಂ ಹೆಚ್ಚಿದ್ದರೆ ಘನ ಮೀಟರಿಗೆ 2.5 ಮಿಲಿಗ್ರಾಂ. 1948ರ ಕಾರ್ಖಾನೆಗಳ ಕಾಯ್ದೆಯ ಎರಡನೇ ಅನುಸೂಚಿ ವೆಲ್ಡಿಂಗ್ ಹೊಗೆಗೆ ಇಟ್ಟ ಮಿತಿ 5 ಮಿಲಿಗ್ರಾಂ.

“ಹಾಗಾದ್ರೆ ಪರವಾಗಿಲ್ಲ ಅಲ್ವಾ ಮಿಸ್?” ಎಂದಳು ಒಬ್ಬಳು. ಇಡೀ ಪಾಠದ ಅತ್ಯುತ್ತಮ ಪ್ರಶ್ನೆ ಅದೇ. ತಕ್ಕಡಿ ತೂಕ ಹೇಳುತ್ತದೆ, ಯಾವ ಲೋಹವೆಂದು ಹೇಳುವುದಿಲ್ಲ; ಅದಕ್ಕೆ ಪ್ರಯೋಗಾಲಯ ಬೇಕು. +6 ಕ್ರೋಮಿಯಂಗೆ ಅಮೆರಿಕ 2006ರಲ್ಲಿ ನಿಗದಿ ಮಾಡಿದ ಮಿತಿಯೂ 5, ಆದರೆ ಮೈಕ್ರೋಗ್ರಾಂ, ಸಾವಿರ ಪಟ್ಟು ಕಡಿಮೆ. ಏಕಮಾನದ ಮಹತ್ವ ಇಷ್ಟು ಚೆನ್ನಾಗಿ ನಾನು ಬೇರೆಲ್ಲೂ ಕಲಿಸಿಲ್ಲ. ಕ್ರೋಮಿಯಂ ದೇಹ ಸೇರಿದೆಯೇ ಎಂದು ಮೂತ್ರ ಪರೀಕ್ಷೆಯಿಂದಲೂ ನೋಡುತ್ತಾರೆ.

ಆದರೆ ಇಬ್ಬರೇ ದುಡಿಯುವ ಗ್ರಿಲ್ ಅಂಗಡಿಗೆ ಪಂಪು ತರುವವರು ಯಾರು? ಆ ಕಾಯ್ದೆ ವಿದ್ಯುತ್ ಬಳಸುವ ಕಡೆ ಕನಿಷ್ಠ 10 ಕಾರ್ಮಿಕರಿದ್ದರೆ ಮಾತ್ರ ಅನ್ವಯಿಸುತ್ತಿತ್ತು. ಹಾಗಾಗಿ ಮೇಜಿನ ಮೇಲೆ ಊದುಬತ್ತಿ ಹಚ್ಚಿ, ಬಗ್ಗಿ ನಿಂತರೆ ಹೊಗೆ ಎಲ್ಲಿಗೆ ಬರುತ್ತದೆ, ಪಕ್ಕಕ್ಕೆ ಸರಿದು ಅಡ್ಡಗಾಳಿ ಬಿಟ್ಟರೆ ಎಲ್ಲಿಗೆ ಹೋಗುತ್ತದೆ ಎಂದು ತೋರಿಸಿದೆ. ಬೆಲ್ಲ ಶ್ವಾಸಕೋಶದ ಲೋಹವನ್ನು ತೆಗೆಯುವುದಿಲ್ಲ, ಕೆಮ್ಮಿಗೆ ಡಾಕ್ಟರನ್ನು ಕಾಣಲಿ ಎಂದೂ ಹೇಳಿದೆ.

‘ಪಾಠ ವಿಷಯದಿಂದ ಹೊರಗೆ ಹೋಯಿತು’ ಎಂದು ಅವಲೋಕನ ಪುಸ್ತಕದಲ್ಲಿ ಬಂತು. ಒಪ್ಪಲು ಕಷ್ಟ. ಸೋಮವಾರ ಆ ಹುಡುಗ ಬಂದು, “ಅಪ್ಪ ಈಗ ಶಟರ್ ಹೊರಗೆ ಕೂತು ವೆಲ್ಡಿಂಗ್ ಮಾಡ್ತಾರೆ ಮಿಸ್. ಬೆಲ್ಲ ಮಾತ್ರ ಬಿಟ್ಟಿಲ್ಲ” ಎಂದ.